ವಸೂಲಿ ಸಾಹೇಬ್ರು ಓದಿಕೊಟ್ಟ ರಿಪೋರ್ಟು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಬ್ಯಾಂಕಿನ ರೋಲಿಂಗ್ ಶಟರ್ ಬೆರಳ ಮೇಲೆ ಬಿದ್ದದ್ದಂತೆ. ಉಗುರು ಮತ್ತೆ ಬಂತು, ಆದರೆ ಕೂಡಿಕೊಳ್ಳಲಿಲ್ಲ, ಎರಡು ಹೋಳಾಗಿಯೇ ಬೆಳೆಯಿತು. ಯಾವುದೇ ಕಾಗದ ಓದುವಾಗ ಆ ಉಗುರನ್ನು ಸಾಲಿನ ಕೆಳಗೆ ಇಟ್ಟು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯುತ್ತಿದ್ದರು. ಕಾಗದ ಸಣ್ಣಗೆ ಕರಕರ ಅನ್ನುತ್ತಿತ್ತು. ಆ ಸದ್ದು ನಿಂತಿತು ಅಂದರೆ ಅಲ್ಲಿ ಏನೋ ಸಿಕ್ಕಿದೆ ಅಂತ ಅರ್ಥ. 

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಾನು ಬೆಳೆದದ್ದು. ಅಲ್ಲಿ ಅವರಿಗೆ ವಸೂಲಿ ಸಾಹೇಬ್ರು ಅಂತಲೇ ಹೆಸರು. ಬ್ಯಾಂಕಿನ ಸಾಲದ ಕಂತು ಕಟ್ಟದವರ ಮನೆಗೆ ಹೋಗಿ ವಸೂಲಿ ಮಾಡುವುದು ಅವರ ಕೆಲಸ. ಅವರ ಮೊಪೆಡ್ಡಿನ ಸದ್ದು ಕೇಳಿದರೆ ಇಡೀ ಸಾಲಿನ ಮನೆಗಳಲ್ಲಿ ರೇಡಿಯೋ ಬಂದಾಗುತ್ತಿತ್ತು. ಹಾಗಂತ ಅವರೇನೂ ಕೂಗಾಡುವ ಮನುಷ್ಯ ಅಲ್ಲ. ಯಾರ ಮನೆಯ ಬಾಕಿ ಇದೆಯೋ ಆ ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಬರದೆ, "ಒಂದು ಲೋಟ ನೀರು ಕೊಡಮ್ಮ" ಅನ್ನುತ್ತಿದ್ದರು. ಆ ನೀರನ್ನು ಬಿಸಿಲಲ್ಲೇ ನಿಂತು, ಎಲ್ಲರಿಗೂ ಕಾಣುವ ಹಾಗೆ, ಗುಟುಕು ಗುಟುಕಾಗಿ ಕುಡಿದು ಲೋಟ ವಾಪಸ್ ಕೊಟ್ಟು ಹೋಗುತ್ತಿದ್ದರು. ಅಷ್ಟೇ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು ಅಂತ ನನ್ನಮ್ಮ ಅನ್ನುತ್ತಿದ್ದಳು. ನಮ್ಮ ಮನೆಯ ಮುಂದೆಯೂ ಅವರು ಒಮ್ಮೆ ನೀರು ಕೇಳಿದ್ದರು. ಲೋಟ ತಂದುಕೊಟ್ಟವಳು ನಾನೇ. ಆ ಸಂಜೆ ಅಪ್ಪ ಊಟ ಮಾಡಲಿಲ್ಲ. ಆ ಮನುಷ್ಯನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದೇನೂ ಇಲ್ಲ.

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದು, ಆಲ್ಕೊಳದಲ್ಲಿ ಬಾಡಿಗೆ ಮನೆ ಹಿಡಿದು ಎಷ್ಟೋ ವರ್ಷವಾದ ಮೇಲೆ ನೋಡಿದರೆ, ನಿವೃತ್ತರಾದ ಸಾಹೇಬ್ರು ನಮ್ಮ ಹಿಂದಿನ ಕ್ರಾಸಿನಲ್ಲೇ ಮನೆ ಕಟ್ಟಿಸಿಕೊಂಡು ಕೂತಿದ್ದಾರೆ! ಸೊಪ್ಪಿನ ಗಾಡಿಯ ಹತ್ತಿರ ಎದುರಾದರೆ ನಾನು ಕೊತ್ತಂಬರಿ ಬಿಟ್ಟು ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಅವರಿಗೆ ನನ್ನ ಗುರುತು ಇದೆಯೋ ಇಲ್ಲವೋ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ.

ಹೀಗಿರುವಾಗ ನಮ್ಮ ಮನೆ ಮಾಲೀಕರು ಮನೆ ಮಾರುತ್ತೇವೆ ಅಂದರು. ನನ್ನದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿ, ಗಂಡ ಶಾಲಾ ವ್ಯಾನ್ ಓಡಿಸುತ್ತಾರೆ. ನನ್ನ ಸಂಬಳದ ಮೇಲೆ ಬ್ಯಾಂಕ್ ಸಾಲ ಸಿಕ್ಕೇ ಸಿಗುತ್ತದೆ ಅನ್ನುವ ಧೈರ್ಯದಲ್ಲಿ ನನ್ನ ಬಳೆ, ಅಮ್ಮ ಬಿಟ್ಟುಹೋದ ಸರ ಮಾರಿ ಅಡ್ವಾನ್ಸ್ ಕೊಟ್ಟೆವು. ಯುಗಾದಿಯೊಳಗೆ ಉಳಿದ ಹಣ ಕೊಟ್ಟು ರಿಜಿಸ್ಟ್ರೇಷನ್ ಮಾಡಿಸಿಕೊಳ್ಳದಿದ್ದರೆ ಅಡ್ವಾನ್ಸ್ ವಾಪಸ್ಸಿಲ್ಲ ಅಂತ ಅಗ್ರಿಮೆಂಟಿನಲ್ಲಿ ಬರೆದಿತ್ತು. ಮಾಲೀಕರಿಗೆ ಹೆಚ್ಚು ದುಡ್ಡು ಕೊಡುವ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ. ನಾವು ತಪ್ಪಲಿ ಅಂತಲೇ ಅವರು ದೇವರಿಗೆ ಕೈಮುಗಿಯುತ್ತಿದ್ದರು ಅಂತ ನನ್ನ ಲೆಕ್ಕ.

ಶಿವರಾತ್ರಿ ಕಳೆದಿತ್ತು. ಬ್ಯಾಂಕಿನ ಮ್ಯಾನೇಜರು ಕರೆಸಿ, ನಿಮ್ಮ ಕ್ರೆಡಿಟ್ ರಿಪೋರ್ಟ್ ಸರಿಯಿಲ್ಲ ಮೇಡಂ, ಭದ್ರಾವತಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಫ್ರಿಜ್ಜು, ಗ್ರೈಂಡರಿಗೆ ಸಾಲ ತಗೊಂಡು ಕಟ್ಟಿಲ್ಲ, ಸ್ಕೋರ್ ಪೂರಾ ಬಿದ್ದುಹೋಗಿದೆ ಅಂದರು.  ನಾನು ಅಂಥ ಸಾಲ ತಗೊಂಡೇ ಇಲ್ಲ ಅಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಅನ್ನುವ ಮುಖ ಮಾಡಿ ಅವರು ರಿಪೋರ್ಟಿನ ಪ್ರಿಂಟು ಕೈಗೆ ಕೊಟ್ಟರು. ನಾನು ನಿಂತು ನೋಡಿದ್ದು ಎರಡೇ, ಮೇಲಿದ್ದ ಸ್ಕೋರು, ಕೆಂಪಗಿದ್ದ ಬಾಕಿ. ಉಳಿದದ್ದರ ಮೇಲೆ ಸುಮ್ಮನೆ ಕಣ್ಣಾಡಿಸಿದೆ, ಹೆಸರು ನನ್ನದೇ, ಹುಟ್ಟಿದ ತಾರೀಖು ನನ್ನದೇ, ತವರಿನ ಹಳೇ ಕ್ವಾರ್ಟರ್ಸಿನ ವಿಳಾಸವೂ ನನ್ನದೇ. ಅಂದಮೇಲೆ ನನ್ನ ದಾಖಲೆ ಇಟ್ಟುಕೊಂಡು ಮನೆಯವರೇ ಯಾರೋ ಆಟ ಆಡಿದ್ದಾರೆ ಅಂತ ತಲೆಗೆ ಹತ್ತಿತು. ಗಂಡನನ್ನು ಕೇಳಿದೆ, ಕೇಳಿದ್ದೇನು, ಜಾಡಿಸಿದೆ. ಭದ್ರಾವತಿಯಲ್ಲೇ ಇರುವ ತಮ್ಮನಿಗೆ ಫೋನ್ ಮಾಡಿ, ನನ್ನ ಪ್ಯಾನ್ ಕಾರ್ಡ್ ಜೆರಾಕ್ಸ್ ಯಾರ ಕೈಗೆ ಕೊಟ್ಟೆಯೋ ಅಂದೆ. ಅವನು ಫೋನಿಟ್ಟವನು ಮತ್ತೆ ಎತ್ತಲಿಲ್ಲ. ಇತ್ತ ಗಾಬರಿಯಲ್ಲಿ ಸಿಕ್ಕ ಸಿಕ್ಕ ಕಡೆ ಸಾಲಕ್ಕೆ ಅರ್ಜಿ ಹಾಕಿದೆ. ಎಲ್ಲಾ ಕಡೆಯೂ ಇಲ್ಲ ಅಂದರು.

ವಸೂಲಿ ಸಾಹೇಬ್ರ ಹತ್ತಿರ ಹೋಗು ಅಂದದ್ದು ನನ್ನ ಗಂಡ. ನನ್ನ ಮೇಲೆ ಸಿಟ್ಟಿದ್ದರೂ ಅಂದರು, ಅದು ಅವರ ದೊಡ್ಡತನ. ಅವರ ವ್ಯಾನಿನ ಮಕ್ಕಳ ತಂದೆಯೊಬ್ಬರಿಗೆ ಸಾಹೇಬ್ರು ಇಂಥದ್ದೇ ರಿಪೋರ್ಟು ಓದಿ ದಾರಿ ಹೇಳಿದ್ದರಂತೆ. ಸತ್ತರೂ ಹೋಗಲ್ಲ ಅಂದೆ. ಮಾರನೇ ಬೆಳಿಗ್ಗೆ ಹೋದೆ.

ವರಾಂಡದ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ, "ಫರ್ನೇಸ್ ರಂಗಪ್ಪನ ಮಗಳಲ್ವಾ? ನನ್ನ ಕಂಡ್ರೆ ರಸ್ತೆ ದಾಟ್ತೀಯಲ್ಲ, ಇವತ್ತು ಹೇಗೆ ಬಂದೆ?" ಅಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ರಿಪೋರ್ಟು ಮುಂದಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿ, ಕೊನೆಗೆ ಸ್ಕೋರಿನ ಮೇಲೆ ಬೆರಳಿಟ್ಟೆ.

ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ತಮ್ಮ ಅಂಗೈಯನ್ನು ಆ ನಂಬರಿನ ಮೇಲೆ ಮುಚ್ಚಿದರು.

"ನಂಬರ್ ಕೊನೆಗೆ. ಮೊದಲು ಹೆಸರು ಓದು ಮಾರಾಯ್ತಿ."

ಹೆಸರಲ್ಲಿ ಏನಿದೆ ಸಾರ್, ನನ್ನದೇ ಅಲ್ವಾ ಅಂದೆ. ಓದು ಅಂದರು. ಎಲ್ಲರೂ ಈ ಭಾಗ ಬಿಟ್ಟು ಮುಂದಕ್ಕೆ ಓಡುತ್ತಾರೆ, ತಾನು ಯಾರು ಅಂತ ತನಗೆ ಗೊತ್ತಿದೆ ಅನ್ನುವ ಜಂಬ, ಅಂತ ಗೊಣಗಿದರು. ಮಂಜುಳಾ ಆರ್. ಅಂತ ಓದಿದೆ. ಹುಟ್ಟಿದ ತಾರೀಖು ಜೂನ್ ಒಂದು. ಕೆಳಗೆ ಗುರುತಿನ ಚೀಟಿಗಳ ನಂಬರು. ಪ್ಯಾನ್ ನನ್ನದು. ವೋಟರ್ ಕಾರ್ಡ್ ಅಂತ ಎರಡು ನಂಬರು ಇದ್ದವು. ಪರ್ಸಿನಿಂದ ನನ್ನ ಕಾರ್ಡ್ ತೆಗೆದು ತಾಳೆ ನೋಡಿದರೆ ಒಂದು ನನ್ನದು, ಇನ್ನೊಂದು ಯಾರದೋ. ಫೋನ್ ನಂಬರುಗಳಲ್ಲೂ ಒಂದು ನಾನು ಜನ್ಮದಲ್ಲಿ ಕಂಡದ್ದಲ್ಲ. ಉಗುರಿನ ಕರಕರ ಅಲ್ಲೇ ನಿಂತಿತು.

ಅವರು ಆಮೇಲೆ ಕೊನೆಯ ಹಾಳೆಗೆ ಹೋದರು. ಯಾವ ಯಾವ ಕಂಪನಿ ಯಾವಾಗ ನಮ್ಮ ರಿಪೋರ್ಟು ತೆರೆದು ನೋಡಿತು ಅನ್ನುವ ಪಟ್ಟಿ ಅಲ್ಲಿರುತ್ತದೆ. ಈಚಿನ ದಿನಗಳಲ್ಲಿ ನಾನು ಗಾಬರಿಯಲ್ಲಿ ಹಾಕಿದ ಅರ್ಜಿಗಳೆಲ್ಲ ಸಾಲಾಗಿ ಕೂತಿದ್ದವು. ಹೀಗೆ ಎಲ್ಲ ಬಾಗಿಲೂ ತಟ್ಟಿದರೆ ಇವಳಿಗೆ ದುಡ್ಡಿನ ಹಸಿವು ಜಾಸ್ತಿ ಅಂತ ತಿಳಿಯುತ್ತಾರೆ, ಸ್ಕೋರು ಇನ್ನೂ ಇಳಿಯುತ್ತದೆ, ಯಾರು ಹೇಳಿದ್ದು ನಿಂಗೆ ಅಂತ ಬೈದರು. ಬೈಸಿಕೊಂಡೆ. ಅದರ ಕೆಳಗೆ ಹಳೆಯದೊಂದು ಇತ್ತು, ಆ ಫ್ರಿಜ್ಜಿನ ಸಾಲದವರು ನೋಡಿದ್ದು. ಆ ತಿಂಗಳು ನೀನೆಲ್ಲಿದ್ದೆ ಅಂತ ಕೇಳಿದರು. ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ರಜೆಯೇ ಇಲ್ಲ, ಭದ್ರಾವತಿಗೆ ಕಾಲಿಟ್ಟಿರಲಿಲ್ಲ.

ಕೊನೆಗೆ ಸಾಲಗಳ ಭಾಗ. ಪ್ರತಿ ಸಾಲದ ಕೆಳಗೂ ತಿಂಗಳಿಗೊಂದರಂತೆ ಪುಟ್ಟ ಪುಟ್ಟ ಚೌಕ. ಕಂತು ಸರಿಯಾಗಿ ಕಟ್ಟಿದ ತಿಂಗಳಿಗೆ ಸೊನ್ನೆ, ತಪ್ಪಿದರೆ ಎಷ್ಟು ದಿನ ತಡ ಅನ್ನುವ ಅಂಕಿ. ಸೊನ್ನೆ ಬಂದರೆ ಖುಷಿ ಪಡಬೇಕಾದ ಜಾಗ ಪ್ರಪಂಚದಲ್ಲಿ ಇದೊಂದೇ ಅಂತ ಅವರು ನಗದೆ ಹೇಳಿದರು. ನನ್ನ ಸ್ಕೂಟರಿನ ಸಾಲ ಅಲ್ಲಿತ್ತು. ಮಹಿಳಾ ಸಂಘದ ಹಳೆಯ ಸಾಲಗಳೂ ಇದ್ದವು, ಎಲ್ಲ ತೀರಿದವು, ಉದ್ದಕ್ಕೂ ಸೊನ್ನೆ. ಬಾಕಿ ಏನೂ ಇಲ್ಲವಲ್ಲ ಅಂತ ನಾನು ಅವನ್ನು ನೋಡಿಯೇ ಇರಲಿಲ್ಲ. ಅವರ ಉಗುರು ಅಲ್ಲಿ ಬಹಳ ಹೊತ್ತು ನಿಂತಿತು. ಫ್ರಿಜ್ಜಿನ ಸಾಲಕ್ಕೆ ಬಂದು, ಒಂದೊಂದೇ ಚೌಕ ದಾಟಿ, ಆಗಸ್ಟಿನಲ್ಲಿ ನಿಂತರು. ಅಲ್ಲಿಯವರೆಗೆ ಸೊನ್ನೆ. ಆಮೇಲೆ ಒಂದೂ ಇಲ್ಲ.

"ಇವಳು ಮೋಸ ಮಾಡೋಳಲ್ಲ ಕಣೇ. ಮೋಸಗಾರರು ಶುರುವಿನಲ್ಲೇ ನಿಲ್ಲಿಸ್ತಾರೆ. ಈ ತಿಂಗಳು ಇವಳ ಮನೇಲಿ ಏನೋ ಆಗಿದೆ."

ಇವಳು ಅಂದರೆ ಯಾರು ಸಾರ್ ಅಂದೆ. ಅವರು ಕನ್ನಡಕ ತೆಗೆದು, ನೀನು ಹುಟ್ಟಿದ್ದು ನಿಜವಾಗ್ಲೂ ಜೂನ್ ಒಂದಕ್ಕಾ ಅಂತ ಕೇಳಿದರು.

ಎಲ್ಲಿಯ ಜೂನ್ ಒಂದು! ನಾನು ಹುಟ್ಟಿದ್ದು ದೀಪಾವಳಿಯ ಹಿಂದುಮುಂದು. ಸ್ಕೂಲಿಗೆ ಸೇರಿಸುವಾಗ ಅಪ್ಪನಿಗೆ ತಾರೀಖು ನೆನಪಿರಲಿಲ್ಲ, ಹೆಡ್ ಮೇಷ್ಟ್ರು ಜೂನ್ ಒಂದು ಅಂತ ಬರೆದುಕೊಂಡರು. ನನಗೊಬ್ಬಳಿಗೇ ಅಲ್ಲ, ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಅದೇ ದಿನ ಹುಟ್ಟಿದವರು. ಹಾಗೆ ಹೇಳುತ್ತಾ ಹೇಳುತ್ತಾ ನನಗೆ ನೆನಪಾಯಿತು. ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬಳು ಮಂಜುಳಾ ಇದ್ದಳು. ಅವಳಪ್ಪ ರಾಮಣ್ಣ, ಅವಳದೂ ಆರ್. ಅವಳು ಉದ್ದ ಮಂಜುಳಾ, ನಾನು ಗಿಡ್ಡ ಮಂಜುಳಾ. ನನ್ನಪ್ಪ ನಿವೃತ್ತರಾಗಿ ನಾವು ಕ್ವಾರ್ಟರ್ಸ್ ಖಾಲಿ ಮಾಡಿದಾಗ ಆ ಮನೆ ಸಿಕ್ಕಿದ್ದು ಅವಳಪ್ಪನಿಗೇ. ಹೆಸರು ಒಂದು, ತಾರೀಖು ಒಂದು, ಬಾಗಿಲು ಒಂದು. ಕಂಪ್ಯೂಟರು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿ ಕೂರಿಸಿತ್ತು.

ನನ್ನ ಗಂಡನ ಮುಖ, ತಮ್ಮನ ಮುಖ ಎರಡೂ ಕಣ್ಮುಂದೆ ಬಂತು. ಅದರ ಹಿಂದೆಯೇ ಉದ್ದ ಮಂಜುಳಾಳ ಮೇಲೆ ಕೆಂಡದಂಥ ಕೋಪ ಬಂತು. ಅವಳ ತಪ್ಪೇನೂ ಇಲ್ಲ ಅಂತ ಗೊತ್ತಿದ್ದರೂ ಬಂತು.

ಆನ್‌ಲೈನಿನಲ್ಲಿ ಸಾಹೇಬ್ರು ನನ್ನಿಂದ ತಕರಾರು ಹಾಕಿಸಿದರು. ಅದು ತಾನಾಗಿ ಸರಿಹೋಗುವಷ್ಟರಲ್ಲಿ ಯುಗಾದಿ ದಾಟಿಬಿಡುತ್ತದೆ, ಸಾಲ ಕೊಟ್ಟ ಕಂಪನಿಯಿಂದಲೇ ಇದು ಬೇರೆಯವರ ಖಾತೆ ಅಂತ ಪತ್ರ ಬೇಕು, ಅದಕ್ಕೆ ಆ ಹೆಂಗಸೇ ಬಂದು ನನ್ನದು ಅನ್ನಬೇಕು ಅಂದರು. ರಿಪೋರ್ಟಿನಲ್ಲಿದ್ದ ಆ ಗೊತ್ತಿಲ್ಲದ ನಂಬರಿಗೆ ಫೋನ್ ಮಾಡಿದೆವು, ಸ್ವಿಚ್ ಆಫ್. ವಸೂಲಿಯವರಿಗೆ ಹೆದರಿ ನಂಬರೇ ಬದಲಾಯಿಸಿದ್ದಾಳೆ ಅಂತ ಅವರಿಗೆ ಕೂಡಲೇ ಗೊತ್ತಾಯಿತು. "ನಡಿ, ಭದ್ರಾವತಿಗೆ ಹೋಗೋಣ" ಅಂತ ಛತ್ರಿ ತಗೊಂಡು ಎದ್ದೇಬಿಟ್ಟರು.

ಬಸ್ಸು ಹತ್ತಿದೆವು. ನನ್ನ ಫೋನಿಗೆ ಮಾಲೀಕರದು ಕರೆ, ಏನಮ್ಮಾ ಆಯ್ತಾ ನಿಮ್ಮ ಬ್ಯಾಂಕಿಂದು ಅಂತ, ಸಕ್ಕರೆ ಸುರಿಯುವ ದನಿಯಲ್ಲಿ. ಕ್ವಾರ್ಟರ್ಸಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅರ್ಧ ಮನೆಗಳು ಖಾಲಿ, ಗೋಡೆಯಲ್ಲಿ ಆಲದ ಸಸಿ. ನಮ್ಮ ಹಳೇ ಮನೆಯ ಗೇಟು ಮಾತ್ರ ಅದೇ. ಒಳಗಿಂದ ಗ್ರೈಂಡರ್ ತಿರುಗುವ ಸದ್ದು ಬರುತ್ತಿತ್ತು, ದೋಸೆಹಿಟ್ಟು ಸಿಗುತ್ತದೆ ಅಂತ ರಟ್ಟಿನ ಬೋರ್ಡು ತೂಗುತ್ತಿತ್ತು. ಉದ್ದ ಮಂಜುಳಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಕೂದಲು ನೆರೆತಿತ್ತು, ಎತ್ತರ ಹಾಗೇ ಇತ್ತು. ನನ್ನ ಗುರುತು ಸಿಕ್ಕಿ ಅವಳ ಮುಖ ಅರಳುವುದರಲ್ಲಿತ್ತು. ಆಗ ನನ್ನ ಹಿಂದೆ ಬಸವಳಿದು ನಿಂತಿದ್ದ ಸಾಹೇಬ್ರು, ಪಾಪ, ನಿಜವಾಗಿಯೇ ಬಾಯಾರಿ, ಗೇಟಿನಾಚೆಯಿಂದಲೇ ಅಂದರು.

"ಒಂದು ಲೋಟ ನೀರು ಕೊಡಮ್ಮ."

ಅವಳ ಮುಖದ ರಕ್ತ ಇಳಿದುಹೋಯಿತು. ಆ ಕ್ವಾರ್ಟರ್ಸಿನಲ್ಲಿ ಬೆಳೆದ ಯಾರಿಗಾದರೂ ಆ ಮಾತಿನ ಅರ್ಥ ಗೊತ್ತು. ಅವಳು ನನ್ನನ್ನು ಒಮ್ಮೆ ನೋಡಿದಳು, ನೀನೂನಾ ಅನ್ನುವ ಹಾಗೆ, ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು. ನಾನು ಬಾಗಿಲು ಬಡಿದೆ, ಕೂಗಿದೆ, ಕೊನೆಗೆ ನಿನ್ನಿಂದ ನನ್ನ ಮನೆ ಹೋಗ್ತಿದೆ ಕಣೇ ಅಂತ ಅರಚಿದೆ. ಗ್ರೈಂಡರ್ ನಿಂತಿತು, ಬಾಗಿಲು ತೆಗೆಯಲಿಲ್ಲ. ಅಕ್ಕಪಕ್ಕದವರು ಹೊರಗೆ ಬಂದು ನೋಡುತ್ತಿದ್ದರು.

ಸಾಹೇಬ್ರು ನನ್ನನ್ನು ಪಕ್ಕಕ್ಕೆ ಕರೆದು, ತಾವು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತರು. ಅವರು ಆ ಸಾಲಿನ ಯಾವ ಮನೆಯ ಮೆಟ್ಟಿಲ ಮೇಲೂ ಕೂತದ್ದನ್ನು ನಾನು ಕಂಡಿರಲಿಲ್ಲ. ರಿಪೋರ್ಟು ತೊಡೆಯ ಮೇಲೆ ಹರಡಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ನೆರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡತೊಡಗಿದರು. ವಸೂಲಿಗೆ ಬಂದಿಲ್ಲ, ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು ಅಂದರು. ಒಳಗಿಂದ ಅವಳು, ಆ ಸಾಲ ನನ್ನದು ಅಂತ ಒಪ್ಕೊಂಡ್ರೆ ನಂಗೇನು ಸಿಗುತ್ತೆ, ಇರೋ ಗ್ರೈಂಡರೂ ಹೊತ್ತುಕೊಂಡು ಹೋಗ್ತಾರೆ ಅಂದಳು. ಸರಿಯಾದ ಮಾತೇ.  ಯುಗಾದಿ, ಬಳೆ, ಅಮ್ಮನ ಸರ ಎಲ್ಲ ಹೋಯಿತು ಅಂತ ಗೇಟು ಹಿಡಿದು ನಿಂತಿದ್ದೆ.

ಸಾಹೇಬ್ರು ರಿಪೋರ್ಟಿನ ಹಾಳೆ ತಿರುವಿದರು. ಆ ಮಹಿಳಾ ಸಂಘದ ಸಾಲಗಳ ಮೇಲೆ ಉಗುರಿಟ್ಟರು. ನಾನು ಯಾವ ಸಂಘದಲ್ಲೂ ಸಾಲ ತಗೊಂಡವಳಲ್ಲ, ಅದು ನನಗೆ ಹೊಳೆದದ್ದು ಆಗಲೇ. ಅವರು ಕೇಳಿದರು, ನೀನು ಸಂಘದಲ್ಲಿ ಸಾಲ ತಗೊಂಡಿದ್ದೆಯಾ ತಾಯಿ? ಹೂಂ ಅಂತ ಬಂತು. ಒಂದು ಕಂತೂ ತಪ್ಪಿಸಿಲ್ಲ ಅಲ್ವಾ?  ಒಂದೂ ಇಲ್ಲ, ಊಟ ಬಿಟ್ಟಾದ್ರೂ ಕಟ್ಟಿದ್ದೀನಿ ಅಂದಳು.

"ಹಾಗಾದ್ರೆ ಕೇಳು. ನೀನು ಊಟ ಬಿಟ್ಟು ಕಟ್ಟಿದ್ದೆಲ್ಲ ಇವಳ ಹೆಸರಿಗೆ ಹೋಗಿದೆ. ನಿನ್ನ ಹೆಸರಿನಲ್ಲಿ ಒಂದು ಸೊನ್ನೆಯೂ ಇಲ್ಲ. ನಾಳೆ ನೀನು ಎದ್ದು ನಿಂತು ಯಾರ ಹತ್ರ ಸಾಲ ಕೇಳಿದ್ರೂ ನಿನ್ನ ಕಷ್ಟ ಯಾರಿಗೂ ಕಾಣಲ್ಲ. ಬಾಕಿ ನನ್ನದು ಅಂತ ಒಪ್ಕೊಂಡ್ರೆ ಮಾತ್ರ ಇದೂ ನಿನ್ನದು ಅಂತ ಆಗುತ್ತೆ."

ಚಿಲಕ ತೆಗೆದ ಸದ್ದಾಯಿತು. ಉದ್ದ ಮಂಜುಳಾ ಬಗ್ಗಿ ಆ ಹಾಳೆ ನೋಡಿದಳು. ಸಾಹೇಬ್ರು ಅವಳಿಗೂ ನಂಬರಿನ ಮೇಲೆ ಅಂಗೈ ಮುಚ್ಚಿ, ಮೊದಲು ಹೆಸರು ಓದು ಅಂದರು. ಅವಳಿಗೆ ಎಲ್ಲ ಓದಲು ಬರುತ್ತಿತ್ತು, ನನಗಿಂತ ಚೆನ್ನಾಗಿ ಓದುತ್ತಿದ್ದವಳು. ಒಂದೊಂದೇ ಸೊನ್ನೆಯನ್ನು ಮುಟ್ಟಿ ನೋಡಿದಳು. ಆಗಸ್ಟಿನ ಹತ್ತಿರ ಬಂದು, "ಶ್ರಾವಣದಲ್ಲಿ ನಮ್ಮ ಯಜಮಾನ್ರು ಲಾರಿಯಿಂದ ಬಿದ್ದು ಸೊಂಟ ಮುರ್ಕೊಂಡ್ರು" ಅಂದಳು. ಆಮೇಲೆ ಒಳಗೆ ಹೋಗಿ ಸಾಹೇಬ್ರಿಗೆ ನೀರು ತಂದಳು. ನನ್ನ ಕೋಪ ಎಲ್ಲಿ ಹೋಯಿತೋ. ನಾವಿಬ್ಬರೂ ಅಲ್ಲೇ ನಿಂತು ಅತ್ತೆವು.

ಅವತ್ತೇ ಫೈನಾನ್ಸ್ ಕಂಪನಿಯ ಆಫೀಸಿಗೆ ಹೋದೆವು. ಅಲ್ಲಿನ ಹುಡುಗ ಅವಳ ವೋಟರ್ ಕಾರ್ಡು, ಫೈಲಿನ ಫೋಟೋ ತಾಳೆ ಹಾಕಿ ತಲೆ ಕೆರೆದುಕೊಂಡ. ಪತ್ರ ಕೊಡುತ್ತೇನೆ, ಮೇಲಿನವರಿಗೂ ಬರೆಯುತ್ತೇನೆ ಅಂದ. ಸಿಕ್ಕಿದ್ದೇ ಚಾನ್ಸು ಅಂತ ಅವಳಿಗೆ, ಬಾಕಿಯಲ್ಲಿ ಅರ್ಧ ಕಟ್ಟಿ ಸೆಟಲ್ಮೆಂಟ್ ಮಾಡ್ಕೊಂಡುಬಿಡಿ ಅಂತಲೂ ಅಂದ. ಅವಳ ಮುಖ ಬೆಳಗಿತು. ಸಾಹೇಬ್ರು ಬೇಡ ಅಂದರು. ಅರ್ಧ ಕಟ್ಟಿದರೆ ರಿಪೋರ್ಟಿನಲ್ಲಿ ಸೆಟಲ್ಡ್ ಅಂತ ಬರುತ್ತದೆ, ಅದನ್ನು ಕಂಡರೆ ಮುಂದೆ ಯಾವ ಬ್ಯಾಂಕೂ ಒಳಗೆ ಕರೆಯುವುದಿಲ್ಲ, ಕ್ಲೋಸ್ಡ್ ಅಂತಲೇ ಬರಬೇಕು, ಸಣ್ಣ ಕಂತು ಮಾಡಿಸಿಕೊಂಡು ಪೂರ್ತಿ ಕಟ್ಟು ಅಂದರು. ಹೇಳೋದು ಸುಲಭ ಸಾರ್, ಕಟ್ಟೋಳು ನಾನು ಅಂತ ಅವಳು ಸಿಡುಕಿದಳು. ಸಿಡುಕಲಿ ಬಿಡು ಅನ್ನುವ ಹಾಗೆ ಅವರು ಆ ಹುಡುಗನ ಜೊತೆ ಸಂಜೆಯ ತನಕ ಕೂತು ಕಂತು ಸಣ್ಣದು ಮಾಡಿಸಿಯೇ ಎದ್ದರು.

ಪತ್ರ ನಮ್ಮ ಮ್ಯಾನೇಜರ ಮೇಜು ಮುಟ್ಟಿ, ಅವರು ಮೇಲಿಂದ ಒಪ್ಪಿಗೆ ತರಿಸಿ, ಹಣ ಬಿಡುಗಡೆಯಾಗುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು. ಯುಗಾದಿಯ ಹಿಂದಿನ ದಿನ, ಸಬ್ ರಿಜಿಸ್ಟ್ರಾರ್ ಆಫೀಸು ಬಾಗಿಲು ಹಾಕುವುದರೊಳಗೆ ರಿಜಿಸ್ಟ್ರೇಷನ್ ಆಯಿತು. ಮಾಲೀಕರ ಮುಖ ನೋಡಬೇಕಿತ್ತು. ಹಬ್ಬದ ಹೋಳಿಗೆ ತಗೊಂಡು ಸಾಹೇಬ್ರ ಮನೆಗೆ ಹೋದೆ. ಆಗ ಒಂದು ಮಾತು ಕೇಳಿಯೇಬಿಟ್ಟೆ, ಅಷ್ಟೊಂದು ಮನೆಗಳ ಮುಂದೆ ಹಾಗೆ ನೀರು ಕುಡಿದಿರಲ್ಲ ಸಾರ್, ನಿಮಗೇನೂ ಅನ್ನಿಸ್ತಿರಲಿಲ್ವಾ ಅಂತ. ಅವರು ಹೋಳಿಗೆ ಮುರಿಯುತ್ತಾ, "ಅನ್ನಿಸ್ತಿತ್ತು. ಆದರೂ ಕುಡೀತಿದ್ದೆ" ಅಂದರು.  ನಾನೂ ಅವರನ್ನು ಪೂರ್ತಿ ಕ್ಷಮಿಸಿದೆ ಅಂತ ಹೇಳಲಾರೆ. ಅಪ್ಪ ಊಟ ಬಿಟ್ಟ ಆ ಸಂಜೆ ಇನ್ನೂ ನೆನಪಿದೆ. ಆದರೆ ಸೊಪ್ಪಿನ ಗಾಡಿಯ ಹತ್ತಿರ ಆಮೇಲೆ ನಾನು ರಸ್ತೆ ದಾಟಲಿಲ್ಲ.

ಅವರು ಈಚೆಗೆ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಅದೇ ಬೆತ್ತದ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಭದ್ರಾವತಿಯಿಂದ ಉದ್ದ ಮಂಜುಳಾ ಬಂದಳು. ಊಟ ಮುಗಿದು ಜನ ಕರಗಿದ ಮೇಲೆ ಬ್ಯಾಗಿನಿಂದ ಒಂದು ಪ್ರಿಂಟು ತೆಗೆದಳು. ಕೊನೆಯ ಕಂತು ಕಟ್ಟಿ ಆಗಿತ್ತಂತೆ, ಹೊಸ ರಿಪೋರ್ಟು ಬರಲಿ, ಅವರಿಗೇ ತೋರಿಸೋಣ ಅಂತ ಕಾದಿದ್ದಳಂತೆ. ಅದು ಬರುವುದಕ್ಕೂ ಅವರು ಹೋಗುವುದಕ್ಕೂ ಸರಿಯಾಯಿತು ನೋಡೇ ಅಂದಳು. ಸಾಹೇಬ್ರ ಹೆಂಡತಿ ಒಳಗಿಂದ ಬಂದು ನಮ್ಮ ಪಕ್ಕ ಕೂತು, ಅವರಿಗೆ ತೋರಿಸೋಕೆ ತಂದಿದ್ದನ್ನು ಇಲ್ಲೇ ಓದಮ್ಮ ಅಂದರು.

ನಾನು ಹಾಳೆ ತಗೊಂಡೆ. ಕಣ್ಣು ತಾನಾಗಿಯೇ ಮೇಲಿನ ನಂಬರಿಗೆ ಹೋಯಿತು. ಅಷ್ಟರಲ್ಲಿ ಮಂಜುಳಾ ತನ್ನ ಉದ್ದನೆಯ ಅಂಗೈಯನ್ನು ಅದರ ಮೇಲೆ ಮುಚ್ಚಿಬಿಟ್ಟಳು.

"ಮೊದಲು ಹೆಸರು ಓದು" ಅಂದಳು.

ಮಂಜುಳಾ ಆರ್. ಅಂತ ಓದಿದೆ. ಹುಟ್ಟಿದ್ದು ಜೂನ್ ಒಂದು. ವೋಟರ್ ಕಾರ್ಡು ಒಂದೇ, ಅವಳದು. ಫೋನು ಅವಳದು. ಸಂಘದ ಸಾಲಗಳು ಅವಳ ಹೆಸರಿಗೆ ಬಂದಿದ್ದವು, ಉದ್ದಕ್ಕೂ ಸೊನ್ನೆ. ಫ್ರಿಜ್ಜಿನ ಸಾಲದ ಚೌಕಗಳ ಮೇಲೆ ಹೆಬ್ಬೆರಳಿನ ಉಗುರಿಟ್ಟು ಎಳೆಯುತ್ತಾ ಹೋದೆ. ಆಗಸ್ಟಿನಿಂದ ಮುಂದಿನ ಅಂಕಿಗಳು ಹಾಗೇ ಇದ್ದವು, ಅವು ಅಳಿಸುವುದಿಲ್ಲ. ಅವುಗಳ ಕೊನೆಯಲ್ಲಿ ಕ್ಲೋಸ್ಡ್ ಅಂತ ಇತ್ತು. ಅದನ್ನು ಎರಡು ಸಲ ಜೋರಾಗಿ ಓದು ಅಂದಳು. ಖಾಲಿ ಬೆತ್ತದ ಕುರ್ಚಿಯ ಕಡೆ ತಿರುಗಿ ಓದಿದೆ.